ಹದಿನೇಳನೇ ಸಾಲು

ಶ್ರೀಪಾದ ಗಲಗಲಿಯ ಮೂರನೆಯ ಉತ್ತರ ಬಂದಾಗ ನೀಲಗಂಗಾ ಹೂಗಾರ ಊಟದ ಡಬ್ಬಿ ಬಿಚ್ಚುತ್ತಿದ್ದಳು. ಎರಡೇ ವಾಕ್ಯದ ಉತ್ತರ. 'ಎಲ್ಲ ಪರೀಕ್ಷೆಗಳೂ ಪಾಸಾಗಿವೆ. ನಿಮ್ಮ ಆಕ್ಷೇಪಣೆಗೆ ಆಧಾರವಿದ್ದರೆ ತಿಳಿಸಿ.'

ಅವಳು ಡಬ್ಬಿಯ ಮುಚ್ಚಳವನ್ನು ಮತ್ತೆ ಒತ್ತಿ ಹಾಕಿದಳು. ಆಧಾರ ಹದಿನೇಳನೇ ಸಾಲಿನಲ್ಲೇ ಇತ್ತು. ಅದನ್ನು ಮೂರು ಸಲ ಬರೆದಿದ್ದಳು. ಮೂರು ಸಲವೂ ಆತ ಆ ಭಾಗವನ್ನು ದಾಟಿಕೊಂಡು ಹೋಗಿ ಉತ್ತರ ಕೊಟ್ಟಿದ್ದ. ಅವನು ಬರೆದ ತಿದ್ದುಪಡಿ ಕೋಡ್, ಅಂದರೆ ಪ್ಯಾಚ್, ಇದ್ದದ್ದೇ ಮೂವತ್ತೊಂದು ಸಾಲು. ಅದನ್ನು ಓದಿ ಸರಿಯಿದೆ ಅಥವಾ ಬೇಡ ಎಂದು ಹೇಳುವುದು ಹುಬ್ಬಳ್ಳಿಯ ಉಸಿರುಜಾಲ ಕೇಂದ್ರದಲ್ಲಿ ಅವಳ ಕೆಲಸ. ಹನ್ನೊಂದು ವರ್ಷದಿಂದ ಅವಳು ಬೇರೆಯವರು ಬರೆದ ಕೋಡ್ ಓದುತ್ತಲೇ ಇದ್ದಳು.

ಉಸಿರುಪಟ್ಟಿ ಬಳಕೆಗೆ ಬಂದು ಆಗಲೇ ಹದಿನಾಲ್ಕು ವರ್ಷವಾಗಿತ್ತು. ಕಲ್ಲಿನ ದೂಳು ಕುಡಿದು ಶ್ವಾಸಕೋಶ ಗಟ್ಟಿಯಾದವರು ಎದೆಯ ಕೆಳಗೆ ಕಟ್ಟಿಕೊಳ್ಳುವ ನಾಲ್ಕು ಬೆರಳಗಲದ ಪಟ್ಟಿ ಅದು. ಪ್ರತಿ ಉಸಿರಿಗೂ ಅದು ಎದೆ ಎಷ್ಟು ಹಿಗ್ಗಿತು, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ಕಾಲು ನಡೆಯುತ್ತಿದೆಯೋ ನಿಂತಿದೆಯೋ ಎಂದು ಅಳೆದು ಒಂದು ಪುಟ್ಟ ಸಂದೇಶ ಕಳಿಸುತ್ತದೆ. ಊರಿನ ಎತ್ತರದ ಜಾಗದಲ್ಲಿರುವ ಗೇಟ್‌ವೇ ಪೆಟ್ಟಿಗೆ ಅದನ್ನು ಹುಬ್ಬಳ್ಳಿಗೆ ದಾಟಿಸುತ್ತದೆ. ಇಲ್ಲಿಯ ದೊಡ್ಡ ಯಂತ್ರ ಆ ಮನುಷ್ಯನ ಹಳೆಯ ಉಸಿರುಗಳನ್ನೆಲ್ಲ ನೆನಪಿಟ್ಟುಕೊಂಡು, ಮುಂದಿನ ಉಸಿರು ಎಷ್ಟು ಆಳ, ಯಾವಾಗ ಎಂದು ಲೆಕ್ಕ ಹಾಕಿ ವಾಪಸ್ ಹೇಳುತ್ತದೆ. ಪಟ್ಟಿ ಅಷ್ಟಕ್ಕೆ ಸ್ನಾಯುವನ್ನು ಮೀಟುತ್ತದೆ. ಜಾಲ ಕೈಕೊಟ್ಟರೆ ಪಟ್ಟಿ ತನ್ನಷ್ಟಕ್ಕೆ ಗಡಿಯಾರದ ಹಾಗೆ ಒಂದೇ ಸಮನೆ ಉಸಿರಾಡಿಸುತ್ತದೆ. ಅದಕ್ಕೆ ಜನ ಕುರುಡು ಉಸಿರು ಎಂದು ಹೆಸರಿಟ್ಟಿದ್ದರು. ಕುರುಡು ಉಸಿರಿನಲ್ಲಿ ಕೂತಿರಬಹುದು, ಮಲಗಬಹುದು. ನಡೆದರೆ ಮಾತ್ರ ಕಣ್ಣು ಕತ್ತಲೆ ಬರುತ್ತದೆ.

ತೊಂದರೆ ಇದ್ದದ್ದು ಗೇಟ್‌ವೇ ಪೆಟ್ಟಿಗೆಯ ಬ್ಯಾಟರಿಯಲ್ಲಿ. ಒಂದೊಂದು ಸಂದೇಶಕ್ಕೂ ದೂರದ ರೇಡಿಯೋ ಎಚ್ಚರಗೊಂಡು ಕಳಿಸಬೇಕಾದ್ದರಿಂದ, ಹಗಲೆಲ್ಲ ಬಿಸಿಲು ಕುಡಿದ ಬ್ಯಾಟರಿ ಸಂಜೆ ಆರಕ್ಕೇ ಖಾಲಿಯಾಗುತ್ತಿತ್ತು. ಶ್ರೀಪಾದನ ಪ್ಯಾಚ್ ಇದಕ್ಕೆ ಪರಿಹಾರ. ಪೆಟ್ಟಿಗೆಯೊಳಗಿನ ಆಪರೇಟಿಂಗ್ ಸಿಸ್ಟಂನ ತಿರುಳು, ಅಂದರೆ ಕರ್ನೆಲ್, ಸಂದೇಶಗಳನ್ನು ಬಂದ ಹಾಗೆ ಕಳಿಸುವ ಬದಲು ಕೂಡಿಹಾಕುತ್ತದೆ. ಅರವತ್ನಾಲ್ಕು ಸೇರಿದರೆ ಅಥವಾ ಅರ್ಧ ಸೆಕೆಂಡ್ ಕಳೆದರೆ ಒಟ್ಟಿಗೆ ಕಳಿಸುತ್ತದೆ. ಒಳ್ಳೆಯ ಯೋಚನೆ. ನೀಲಗಂಗಾ ಮೊದಲ ಪತ್ರದಲ್ಲೇ ಹಾಗೆಂದು ಬರೆದಿದ್ದಳು.

ಆದರೆ ಹದಿನೇಳನೇ ಸಾಲು, ಹೊಸ ಸಂದೇಶ ಬಂದಾಗಲೆಲ್ಲ ಆ ಅರ್ಧ ಸೆಕೆಂಡಿನ ಎಣಿಕೆಯನ್ನು ಮತ್ತೆ ಸೊನ್ನೆಯಿಂದ ಶುರು ಮಾಡುತ್ತಿತ್ತು.

ಅವಳು ಎದ್ದು ನೇರ ಅವನ ಮೇಜಿಗೇ ಹೋದಳು. ಶ್ರೀಪಾದನಿಗೆ ಮೂವತ್ತನಾಲ್ಕು. ಕೇಂದ್ರದ ಅತಿ ಚುರುಕು ತಲೆ ಎಂದು ಹೆಸರಿತ್ತು, ಆ ಹೆಸರು ಸುಳ್ಳಾಗಿರಲಿಲ್ಲ.

"ಶ್ರೀಪಾದ, ನಿಮ್ಮ ಊರಾಗ ಟಂಟಂ ಅದಾವಲ್ಲ? ಸೀಟ್ ತುಂಬಿದ್ರ ಬಿಡ್ತೀನಿ, ಇಲ್ಲಾಂದ್ರ ಹತ್ತು ನಿಮಿಷಕ್ಕ ಬಿಡ್ತೀನಿ ಅಂತಾನ ಡ್ರೈವರ್. ಒಬ್ಬಾಂವ ಬಂದು ಹತ್ತಿದ ಕೂಡಲೇ ಮತ್ತ ಹತ್ತು ನಿಮಿಷ ಎಣಸಾಕ ಶುರು ಮಾಡಿದ್ರ? ಒಂಬತ್ತು ನಿಮಿಷಕ್ಕ ಒಬ್ಬೊಬ್ರು ಬರಾಕತ್ರ ಮೊದಲು ಹತ್ತಿದಾಂವ ಯಾವಾಗ ಊರು ಮುಟ್ಟತಾನ?"

"ಮೇಡಂ, ಒಂದು ಪಟ್ಟಿ ಇಟ್ಟು ನೋಡೀನಿ, ಅರ್ಧ ಸೆಕೆಂಡ್ ತಡ. ಸಾವಿರ ಪಟ್ಟಿ ಇಟ್ಟು ನೋಡೀನಿ, ಕಾಲು ಸೆಕೆಂಡ್. ಎರಡೂ ತುದಿ ಸರಿ ಅವ ಅಂದ್ರ ನಡುವ ಏನ್ ಕೆಡ್ತದ?"

"ನಡುವನ ಕೆಡ್ತೈತಿ ಅಂತ ನಾ ಹೇಳಾಕತ್ತೀನಿ."

"ಹಂಗಾರ ತೋರಸ್ರಿ."

ಅದೇ ಸಿಟ್ಟಿನಲ್ಲಿ ಅವಳು ಮಧ್ಯಾಹ್ನವೆಲ್ಲ ಪ್ರಯೋಗಾಲಯದಲ್ಲಿ ಕೂತಳು. ಅಣಕು ಯಂತ್ರದಲ್ಲಿ ಇಪ್ಪತ್ತು ಸುಳ್ಳು ಪಟ್ಟಿಗಳನ್ನು ಹೂಡಿ ಓಡಿಸಿದಳು. ಅರ್ಧ ಸೆಕೆಂಡ್. ಮೂವತ್ತು ಹೂಡಿದಳು. ಅರ್ಧ ಸೆಕೆಂಡ್. ನಲವತ್ತಕ್ಕೂ ಅಷ್ಟೇ. ಪರದೆಯ ಮೇಲೆ ಹಸಿರು ಗುರುತು ಸಾಲಾಗಿ ಬಂದು ನಿಂತವು. ತಾನು ಓದಿದ ಸಾಲು ತಪ್ಪೆಂದು ಅವಳಿಗೆ ಗೊತ್ತಿತ್ತು, ತೋರಿಸಲು ಮಾತ್ರ ಆಗುತ್ತಿರಲಿಲ್ಲ. ಕೀಲಿಮಣೆಯನ್ನು ಜೋರಾಗಿ ಮೇಜಿನಾಚೆ ತಳ್ಳಿದ್ದಕ್ಕೆ ಪಕ್ಕದವರು ತಿರುಗಿ ನೋಡಿದರು.

ಅಷ್ಟರಲ್ಲಿ ಅಕ್ಕನ ಫೋನ್ ಬಂತು.

ಅಕ್ಕ ಗಿರಿಜವ್ವ ಇಳಕಲ್ಲಿನಾಚೆಯ ಕರಿಗುಡ್ಡದಲ್ಲಿದ್ದಳು. ಹತ್ತೊಂಬತ್ತು ವರ್ಷ ಗ್ರಾನೈಟ್ ಪಾಲಿಶ್ ಮಾಡಿ ತಂಗಿಯನ್ನು ಪಾಲಿಟೆಕ್ನಿಕ್ ಓದಿಸಿದವಳು. ಈಗ ಊರಿನಲ್ಲಿ ಪಟ್ಟಿ ಕಟ್ಟಿಕೊಂಡ ಇಪ್ಪತ್ತಮೂರು ಜನರಲ್ಲಿ ಅವಳೂ ಒಬ್ಬಳು.

"ನೀಲಾ, ಆ ಬ್ಯಾಟರಿದು ಏನಾತು? ನಿಮ್ಮ ಆಫೀಸಿನಾಗ ಯಾರೋ ಒಬ್ಬರು ಅಡ್ಡ ಹಾಕ್ಯಾರಂತ. ಖರೇನ?"

"ಯಾರು ಹೇಳಿದ್ರು?"

"ಯಾರರ ಯಾಕ ಹೇಳವಲ್ರು. ಖರೇನೋ ಸುಳ್ಳೋ?"

"ನಾನ ಅಕ್ಕಾ. ಅದರಾಗ ತಪ್ಪೈತಿ."

ಗಿರಿಜವ್ವನ ದನಿ ಗಡುಸಾಯಿತು. "ಸಂಜಿ ಆರಕ್ಕ ಗ್ವಾಡಿಗೆ ಆನಿಸಿ ಕುಂತ್ರ ಮುಂಜಾನಿತನಕ ಮೊಳಿ ಹೊಡದಂಗ ಕುಂತಿರಬೇಕು ನಾವು. ಒಲಿಮುಂದ ಹೋಗಂಗಿಲ್ಲ, ಬಚ್ಚಲಕ್ಕ ಹೋಗಬೇಕಂದ್ರ ಇನ್ನೊಬ್ರು ಹಿಡಕೋಬೇಕು. ನಾಕು ವರ್ಷ ಆತು. ನೀ ಅಲ್ಲಿ ಕುಂತು ತಪ್ಪು ಹುಡುಕು. ಆತು ಇಡ್ತೀನಿ."

ಫೋನ್ ಕಡಿಯಿತು. ಅಕ್ಕ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎನ್ನುವುದೇ ನೀಲಗಂಗಾಳಿಗೆ ಹೆಚ್ಚು ಚುಚ್ಚಿತು.

ಮರುದಿನ ನಿರ್ದೇಶಕಿ ಮೆಹರುನ್ನಿಸಾ ದಫೇದಾರ್ ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಹಳ್ಳಿಗಳಿಂದ ಬಂದ ಮನವಿಗಳ ಕಟ್ಟು. ಮೇಲಿನದು ಕರಿಗುಡ್ಡದ್ದು, ಇಪ್ಪತ್ತಮೂರು ಸಹಿ ಮತ್ತು ಹೆಬ್ಬೆಟ್ಟು. ಅದರಲ್ಲಿ ಗಿರಿಜವ್ವನ ವಾಲಿದ ಅಕ್ಷರ ನೀಲಗಂಗಾಳಿಗೆ ದೂರದಿಂದಲೇ ಗುರುತು ಸಿಕ್ಕಿತು.

"ನೋಡ್ರಿ ನೀಲಗಂಗಾ, ನಿಮ್ಮ ಮ್ಯಾಲ ನನಗ ನಂಬಿಕಿ ಐತಿ. ಆದ್ರ ನೀವಾ ಇಪ್ಪತ್ತು, ಮೂವತ್ತು, ನಲವತ್ತು ಹಚ್ಚಿ ನೋಡೀರಿ. ಪಾಸ್ ಆಗೇತಿ. ನಾ ಯಾವ ಆಧಾರದ ಮ್ಯಾಲ ನಿಲ್ಲಸ್ಲಿ?"

"ಕೋಡ್ ಓದಿದ್ರ ಗೊತ್ತಾಗ್ತೈತಿ ಮೇಡಂ. ಎಣಿಕಿ ಮತ್ತ ಮತ್ತ..."

"ಅದನ್ನ ನೀವು ಮೂರು ಪತ್ರದಾಗ ಬರದೀರಿ." ದಫೇದಾರ್ ಕನ್ನಡಕ ತೆಗೆದರು. "ಒಂದ ಊರಾಗ ಪ್ರಾಯೋಗಿಕವಾಗಿ ಹಾಕೋಣು. ಸೋಮವಾರ, ಕರಿಗುಡ್ಡ. ಹಗಲಹೊತ್ತಿನಾಗ. ಇಬ್ರೂ ಹೋಗಿ ಬರ್ರಿ."

ತನ್ನ ಒಪ್ಪಿಗೆಯಿಲ್ಲ ಎಂದು ಕಡತದಲ್ಲಿ ಬರೆಯಲು ನೀಲಗಂಗಾ ಕೇಳಿದಳು. ಬರೆಯಿರಿ ಎಂದರು ದಫೇದಾರ್. ಬರೆದಳು. ಅದರಿಂದ ಏನೂ ಬದಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕರಿಗುಡ್ಡದ ಶಾಲೆಯ ಜಗುಲಿಯಲ್ಲಿ ಇಪ್ಪತ್ತಮೂರೂ ಜನ ಸೇರಿದ್ದರು. ಗೇಟ್‌ವೇ ಪೆಟ್ಟಿಗೆ ಶಾಲೆಯ ಛಾವಣಿಯ ಮೇಲಿತ್ತು, ಅದಕ್ಕೆ ಹೊರಗಿನಿಂದ ಹದಿನೈದು ಮೆಟ್ಟಿಲು. ಶ್ರೀಪಾದ ಲ್ಯಾಪ್‌ಟಾಪ್ ತೆರೆದು ಪ್ಯಾಚ್ ಏರಿಸಿದ. ಗಿರಿಜವ್ವ ತಂಗಿಯ ಹತ್ತಿರ ಬರದೆ ಹೆಂಗಸರ ನಡುವೆ ಕೂತಿದ್ದಳು. ಒಮ್ಮೆ ನೋಡಿ ಮುಖ ತಿರುಗಿಸಿದಳು.

ಮೊದಲು ನಡೆದು ತೋರಿಸಲು ಎದ್ದವನು ಯಮನೂರಪ್ಪ. ಗಿರಿಜವ್ವನ ಪಕ್ಕದ ಯಂತ್ರದಲ್ಲಿ ಕಲ್ಲು ಪಾಲಿಶ್ ಮಾಡುತ್ತಿದ್ದವನು. ಅರವತ್ತು ದಾಟಿತ್ತು, ಆದರೂ ಊರಿನ ಪಟ್ಟಿಯವರಲ್ಲೆಲ್ಲ ಹೆಚ್ಚು ಓಡಾಡುವ ಮನುಷ್ಯ. ಅಂಗಳದ ತುದಿಯವರೆಗೆ ಹೋಗಿ ಬಂದ. ಬಂದವನು ಎದೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತ.

"ಸಾಹೇಬ್ರ, ಇದು ನನ್ನ ಉಸಿರಲ್ಲ ನೋಡ್ರಿ."

"ಏನಾತು?"

"ಇದು ಆಗಳಿಂದು. ನಾ ನಡೀಯೂಮುಂದ ಕುಂತಾಗಿಂದು ಕೊಡ್ತು. ಈಗ ನಿಂತೀನಿ, ಈಗ ನಡಿಯೂದು ಕೊಡಾಕತ್ತೈತಿ."

ಶ್ರೀಪಾದ ಪರದೆ ನೋಡಿದ. ನೀಲಗಂಗಾಳೂ ಬಾಗಿ ನೋಡಿದಳು. ಹೋದ ಸಂದೇಶ, ಬಂದ ಸಂದೇಶ, ಎರಡೂ ಸಮ. ಕಳೆದುಹೋದದ್ದು ಸೊನ್ನೆ.

"ಒಂದೂ ತಪ್ಪಿಲ್ಲ ಅಜ್ಜಾರ. ಹೊಸಾದು ಅಂತ ಹಂಗ ಅನಸ್ತದ. ಆರಾಮ ಇರ್ರಿ, ಇನ್ನೊಮ್ಮೆ ಅಡ್ಡಾಡ್ರಿ."

ಯಮನೂರಪ್ಪ ಅವಳ ಕಡೆ ನೋಡಿದ. ನೀಲಗಂಗಾ ಆಗಲೇ ಮಾತಾಡಬೇಕಿತ್ತು. ಆದರೆ ಅವಳ ಕಣ್ಣು ಆ ಸೊನ್ನೆಯ ಮೇಲೆಯೇ ಇತ್ತು. ಮನುಷ್ಯ ಹೇಳಿದ್ದನ್ನು ಬಿಟ್ಟು ಅವಳೂ ಪರದೆಯನ್ನೇ ಓದಿದಳು. ಆತ ತಲೆಯಾಡಿಸಿ, ಇವರಿಗೆ ಹೇಳಿ ಉಪಯೋಗವಿಲ್ಲ, ಏರಿಯೇ ತೋರಿಸಬೇಕು ಎನ್ನುವ ಹಾಗೆ, ಛಾವಣಿಯ ಮೆಟ್ಟಿಲುಗಳ ಕಡೆ ನಡೆದ.

ಜಗುಲಿಯಲ್ಲಿ ಮಾತು ನಿಂತಿತ್ತು. ಆಗ ಅವಳಿಗೆ ಪಟ್ಟಿಗಳ ಸದ್ದು ಕೇಳಿಸಿತು. ಪ್ರತಿ ಪಟ್ಟಿಯೂ ಸಂದೇಶ ಕಳಿಸುವಾಗ ಟಿಕ್ ಎನ್ನುತ್ತದೆ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು. ಎಡಗಡೆ ಒಂದು ಟಿಕ್. ಕಂಬದ ಹತ್ತಿರ ಒಂದು. ಹಿಂದೆ ಎಲ್ಲೋ ಒಂದು. ನಡುವೆ ಬಿಡುವೇ ಇಲ್ಲ. ಯಾವ ಎರಡೂ ಒಟ್ಟಿಗೆ ಬರುತ್ತಿರಲಿಲ್ಲ.

ಪ್ರಯೋಗಾಲಯದ ಸುಳ್ಳು ಪಟ್ಟಿಗಳೆಲ್ಲ ಒಂದೇ ಗಡಿಯಾರಕ್ಕೆ ಕಟ್ಟಿದ್ದವು. ಇಪ್ಪತ್ತೂ ಒಂದೇ ಕ್ಷಣಕ್ಕೆ ಉಸಿರಾಡಿ, ಆಮೇಲೆ ಎಲ್ಲವೂ ಮೂರು ಸೆಕೆಂಡ್ ಸುಮ್ಮನಾಗುತ್ತಿದ್ದವು. ಆ ಬಿಡುವಿನಲ್ಲಿ ಅರ್ಧ ಸೆಕೆಂಡಿನ ಎಣಿಕೆ ಆರಾಮವಾಗಿ ಮುಗಿಯುತ್ತಿತ್ತು. ಇಲ್ಲಿ ಇಪ್ಪತ್ತಮೂರು ಜನ, ಒಬ್ಬೊಬ್ಬರದು ಒಂದೊಂದು ಉಸಿರು. ಸೆಕೆಂಡಿಗೆ ಏಳೆಂಟು ಸಂದೇಶ. ಎಣಿಕೆ ಮುಗಿಯುವ ಮೊದಲೇ ಇನ್ನೊಂದು ಟಿಕ್. ಅರವತ್ನಾಲ್ಕು ತುಂಬಲು ಎಂಟು ಸೆಕೆಂಡ್. ಅಂದರೆ ಎರಡು ಮೂರು ಉಸಿರಿನ ಹಿಂದಿನ ಲೆಕ್ಕ. ಸಂದೇಶಕ್ಕೆ ಹೊತ್ತಿನ ಮುದ್ರೆ ಬೀಳುವುದು ಪೆಟ್ಟಿಗೆಯಿಂದ ಹೊರಡುವಾಗ, ಹಾಗಾಗಿ ಹಳೆಯದೂ ಹೊಸದಾಗಿಯೇ ಕಾಣುತ್ತಿತ್ತು. ಸಂದೇಶ ನಿಲ್ಲದೆ ಬರುತ್ತಿದ್ದುದರಿಂದ ಪಟ್ಟಿ ಕುರುಡು ಉಸಿರಿಗೂ ಹೊರಳುತ್ತಿರಲಿಲ್ಲ.

"ಶ್ರೀಪಾದ, ತಗೀರಿ ಅದನ್ನ! ಹಳೇದು ಹಾಕ್ರಿ!"

"ಯಾಕ? ಏನ್..."

ಯಮನೂರಪ್ಪ ಐದನೆಯ ಮೆಟ್ಟಿಲಲ್ಲಿದ್ದ. ಏರುವ ಮನುಷ್ಯನಿಗೆ ಪಟ್ಟಿ ನಿಂತವನ ಉಸಿರು ಕೊಟ್ಟಿತು. ಆತ ತಾನೇ ಎಳೆದುಕೊಳ್ಳಲು ಬಾಯಿ ತೆರೆದ. ಎದೆ ಒಂದು ಕಡೆಗೆ, ಪಟ್ಟಿ ಇನ್ನೊಂದು ಕಡೆಗೆ. ತುಟಿ ನೀಲಿಗಟ್ಟಿತು. ಗೋಡೆ ಹಿಡಿಯಲು ಕೈ ಚಾಚಿ, ಸಿಗದೆ, ಪಕ್ಕಕ್ಕೆ ಮಗುಚಿ ಮೂರು ಮೆಟ್ಟಿಲು ಕೆಳಗೆ ಬಿದ್ದ.

ಹೆಂಗಸರು ಕೂಗಿಕೊಂಡು ಎದ್ದರು. ಎದ್ದವರಿಗೂ ಏದುಸಿರು. ಗಿರಿಜವ್ವ ಎರಡು ಹೆಜ್ಜೆ ಓಡಿ ಮೊಣಕಾಲೂರಿದಳು.

ಹಳೆಯದನ್ನು ವಾಪಸ್ ಹಾಕಲು ನಾಲ್ಕು ನಿಮಿಷ ಬೇಕು. ನೀಲಗಂಗಾ ಯಮನೂರಪ್ಪನನ್ನು ದಾಟಿ ಮೆಟ್ಟಿಲು ಹತ್ತಿದಳು.

"ಮೇಡಂ, ಕರೆಂಟ್ ತಗೀಬ್ಯಾಡ್ರಿ! ದಾಖಲೆ ಎಲ್ಲಾ ಹೋಗ್ತದ!" ಶ್ರೀಪಾದ ಕೆಳಗಿನಿಂದ ಕಿರುಚಿದ.

ಅವಳು ಎರಡೂ ಕೈಯಿಂದ ಬ್ಯಾಟರಿಯ ತಂತಿ ಹಿಡಿದು ಕಿತ್ತಳು. ಪೆಟ್ಟಿಗೆಯ ದೀಪ ಆರಿತು.

"ಎಲ್ರೂ ಕುಂದರ್ರಿ! ಸಂಜಿ ಕುಂತಂಗ ಕುಂದರ್ರಿ!"

ಅದು ಅವರಿಗೆ ಹೇಳಿಕೊಡಬೇಕಾದ ಕೆಲಸವಾಗಿರಲಿಲ್ಲ. ನಾಲ್ಕು ವರ್ಷದ ರೂಢಿ. ಇಪ್ಪತ್ತೆರಡು ಜನ ಗೋಡೆಗೆ, ಕಂಬಕ್ಕೆ, ಒಬ್ಬರ ಬೆನ್ನಿಗೆ ಒಬ್ಬರು ಆನಿಕೊಂಡು ಕೂತರು. ಪಟ್ಟಿಗಳು ಒಂದೊಂದಾಗಿ ಕುರುಡು ಉಸಿರಿಗೆ ಹೊರಳಿದವು. ನೀಲಗಂಗಾ ಯಮನೂರಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಎದೆ ಏರಿ ಇಳಿಯುವುದನ್ನು ಎಣಿಸಿದಳು. ನಲವತ್ತು ಉಸಿರಾದ ಮೇಲೆ ತುಟಿಯ ನೀಲಿ ಸ್ವಲ್ಪ ಬಿಟ್ಟಿತು. ಸೊಂಟದ ಮೂಳೆ ಮುರಿದಿತ್ತು. ಆಂಬುಲೆನ್ಸ್ ಬರುವವರೆಗೆ ಶ್ರೀಪಾದ ಬಿಸಿಲಿಗೆ ಅಡ್ಡವಾಗಿ ಲ್ಯಾಪ್‌ಟಾಪನ್ನೇ ಹಿಡಿದು ನಿಂತಿದ್ದ.

ಗುರುವಾರ ಕೇಂದ್ರದ ಕಚೇರಿಯಿಂದ ಘಟನೆಯ ವರದಿ ಬಂತು. 'ಪ್ರಯೋಗದ ವೇಳೆ ಗೇಟ್‌ವೇಯ ವಿದ್ಯುತ್ ಸಂಪರ್ಕವನ್ನು ಸಿಬ್ಬಂದಿಯೊಬ್ಬರು ಏಕಾಏಕಿ ಕಡಿತಗೊಳಿಸಿದ್ದು, ಅದೇ ಸಂದರ್ಭದಲ್ಲಿ ಫಲಾನುಭವಿಯೊಬ್ಬರು ಬಿದ್ದು ಗಾಯಗೊಂಡಿರುತ್ತಾರೆ.'

ನೀಲಗಂಗಾ ಅದನ್ನು ಓದಿ ನಿರ್ದೇಶಕಿಯ ಕೋಣೆಗೆ ಹೋದಳು.

"ಅವರು ಬಿದ್ದ ಮ್ಯಾಲ ನಾ ತಂತಿ ಕಿತ್ತಿದ್ದು ಮೇಡಂ. ಇದರಾಗ ತಿರುವುಮುರುವು ಬರದಾರ."

"ದಾಖಲೆ ಉಳದಿಲ್ಲಲ್ಲ ನೀಲಗಂಗಾ. ಬರದವರು ಕಂಡಷ್ಟ ಬರದಾರ."

"ಇಪ್ಪತ್ತೆರಡು ಮಂದಿ ಕಂಡಾರಲ್ಲ! ಯಾರರ ಅವರನ್ನ ಕೇಳೀರೇನು?"

ದಫೇದಾರ್ ವರದಿಯ ಪುಟ ತಿರುವಿದರು. ಕಿಟಕಿಯ ಬಳಿ ಕೂತಿದ್ದ ಶ್ರೀಪಾದ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡ. ಅವನು ಬೈದಿದ್ದರೂ ಅವಳಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

"ಒಂದು ತಾಸು ಕೊಡ್ರಿ," ಎಂದಳು. "ಇಬ್ರೂ ಪ್ರಯೋಗಾಲಯಕ್ಕ ಬರ್ರಿ."

ಅಣಕು ಯಂತ್ರದಲ್ಲಿ ಅವಳು ಬದಲಾಯಿಸಿದ್ದು ಒಂದೇ ಸಂಗತಿ. ಇಪ್ಪತ್ತಮೂರು ಪಟ್ಟಿಗಳನ್ನು ಒಂದೇ ಗಡಿಯಾರದಿಂದ ಬಿಚ್ಚಿ, ಪ್ರತಿಯೊಂದಕ್ಕೂ ಅದರದೇ ಉಸಿರು ಕೊಟ್ಟಳು. ಓಡಿಸಿದಳು. ಪರದೆಯ ಮೇಲೆ ತಡದ ಅಂಕೆ ಏರತೊಡಗಿತು. ಎರಡು ಸೆಕೆಂಡ್. ಐದು. ಎಂಟು ಪಾಯಿಂಟ್ ಮೂರು. ಅಲ್ಲಿ ಬಿಟ್ಟು, ಮತ್ತೆ ಸೊನ್ನೆಯಿಂದ ಎಂಟು ಪಾಯಿಂಟ್ ಮೂರು. ಪಕ್ಕದಲ್ಲಿ ಕಳೆದುಹೋದ ಸಂದೇಶ ಸೊನ್ನೆ ಎಂದೇ ಇತ್ತು.

ದಫೇದಾರ್ ಕುರ್ಚಿ ಎಳೆದುಕೊಂಡು ಕೂತರು. "ಇದನ್ನ ಹೋದ ವಾರ ತೋರಿಸಿದ್ರ..."

"ಹೋದ ವಾರ ನನಗ ತೋರಸಾಕ ಬರಲಿಲ್ಲ ಮೇಡಂ. ಬಾಯಿಲೆ ಹೇಳಿದ್ದೆ, ಪತ್ರದಾಗ ಬರದಿದ್ದೆ. ತೋರಸಾಕ ಬರಲಿಲ್ಲ ಅಂದ್ರ ತಪ್ಪ ಇಲ್ಲ ಅಂತ ಅಲ್ಲಲ್ಲ."

ಶ್ರೀಪಾದ ಬಹಳ ಹೊತ್ತು ಆ ಅಂಕೆ ಏರುವುದನ್ನು, ಬೀಳುವುದನ್ನು ನೋಡಿದ. "ಅಜ್ಜಾರು ಹೇಳಿದ್ರು," ಎಂದ ಕೊನೆಗೆ. "ಇದು ಆಗಳಿಂದು ಅಂದ್ರು. ಎಂಟು ಸೆಕೆಂಡ್ ಹಿಂದಿಂದು. ಅಷ್ಟು ಕರೆಕ್ಟ್ ಹೇಳಿದ್ರು, ನಾ ಸೊನ್ನಿ ನೋಡಕೋತ ಕುಂತೆ."

"ನಾನೂ," ಎಂದಳು ನೀಲಗಂಗಾ.

ವರದಿ ಬದಲಾಗಲು ಮತ್ತೆ ಹದಿನೇಳು ದಿನ ಹಿಡಿಯಿತು. ಅದಕ್ಕೆ ಮೂವರ ಸಹಿ, ಕರಿಗುಡ್ಡದವರ ಹೇಳಿಕೆ, ಶ್ರೀಪಾದನದೊಂದು ಪತ್ರ ಬೇಕಾದವು. ಆ ಪತ್ರವನ್ನು ಅವನು ಯಾರೂ ಕೇಳದೆಯೇ ಬರೆದುಕೊಟ್ಟ. ಹೊಸ ಪ್ಯಾಚ್ ಕೂಡ ಅವನೇ ಬರೆದ. ಅರ್ಧ ಸೆಕೆಂಡಿನ ಎಣಿಕೆ ಈಗ ಮೊದಲ ಸಂದೇಶಕ್ಕೆ ಶುರುವಾಗುತ್ತದೆ, ಆಮೇಲೆ ಯಾರು ಬಂದರೂ ಅದನ್ನು ಮುಟ್ಟುವುದಿಲ್ಲ. ರೇಡಿಯೋ ಹೆಚ್ಚು ಸಲ ಏಳಬೇಕಾದ್ದರಿಂದ ಬ್ಯಾಟರಿ ಇಡೀ ದಿನ ಬರುವುದಿಲ್ಲ, ರಾತ್ರಿ ಹತ್ತರವರೆಗೆ ಬರುತ್ತದೆ. ನೀಲಗಂಗಾ ಅದನ್ನು ನಾಲ್ಕು ಸಲ ಓದಿದಳು. ಎರಡು ಕಡೆ ತಿದ್ದಲು ಹೇಳಿದಳು. ಈ ಸಲ ಆತ ಓದಿ ಉತ್ತರ ಕೊಟ್ಟ.

ಪ್ಯಾಚಿನ ತಲೆಬರಹದಲ್ಲಿ ಬರೆದವರು, ಪರಿಶೀಲಿಸಿದವರು ಎಂಬ ಸಾಲುಗಳ ಮೇಲೆ ಅವನು ಇನ್ನೊಂದು ಸಾಲು ಸೇರಿಸಿದ್ದ. 'ದೋಷವನ್ನು ಮೊದಲು ವರದಿ ಮಾಡಿದವರು: ಯಮನೂರಪ್ಪ, ಕರಿಗುಡ್ಡ.'

ಹೊಸ ಪ್ಯಾಚ್ ಎಲ್ಲ ಊರುಗಳಿಗೂ ಹೋಯಿತು. ನಾಲ್ಕನೆಯ ದಿನ ಸಂಜೆ ಏಳೂವರೆಗೆ ಗಿರಿಜವ್ವ ಫೋನ್ ಮಾಡಿದಳು. ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. "ಒಲಿಮುಂದ ಅದೀನಿ," ಎಂದಳು. ಆಮೇಲೆ, "ಅವತ್ತು ಬೈದೆ, ಮನಸಿಗೆ ಹಚ್ಕೋಬ್ಯಾಡ. ಆದ್ರ ಹತ್ತಕ್ಕ ಮತ್ತ ಕುಂದ್ರಬೇಕಲ್ಲ? ಅದನ್ನೂ ನೋಡು," ಎಂದಳು.

ಭಾನುವಾರ ನೀಲಗಂಗಾ ಆ ಹೆಸರಿನ ಸಾಲಿದ್ದ ಪ್ಯಾಚಿನ ಮೊದಲ ಪುಟವನ್ನು ಮುದ್ರಿಸಿಕೊಂಡು ಯಮನೂರಪ್ಪನನ್ನು ನೋಡಲು ಹೋದಳು. ಆತ ಆಸ್ಪತ್ರೆಯಿಂದ ಮಗಳ ಮನೆಗೆ ಬಂದಿದ್ದ. ಊರುಗೋಲು ಮಂಚಕ್ಕೆ ಒರಗಿತ್ತು. ಮೊದಲಿನ ಹಾಗೆ ಓಡಾಡುವುದು ಇನ್ನಿಲ್ಲ ಎಂದು ವೈದ್ಯರು ಹೇಳಿದ್ದರು.

ಅವಳು ಆ ಸಾಲನ್ನು ಅವನಿಗೆ ಓದಿ ಹೇಳಿದಳು. ಇದು ಜಗತ್ತಿನಲ್ಲಿ ಯಾರು ಬೇಕಾದರೂ ನೋಡಬಹುದಾದ ದಾಖಲೆ, ಇನ್ನು ಅಳಿಸಲಾಗುವುದಿಲ್ಲ ಎಂದೂ ಹೇಳಿದಳು.

ಯಮನೂರಪ್ಪ ಹಾಳೆಯನ್ನು ಕೈಗೆ ತೆಗೆದುಕೊಂಡು ತನ್ನ ಹೆಸರು ಯಾವುದೆಂದು ಕೇಳಿದ. ಅವಳು ಬೆರಳಿಟ್ಟು ತೋರಿಸಿದಳು. ಆತ ಅದನ್ನು ನೋಡಿದ.

"ಬರದೀರಿ, ಚೊಲೋ ಆತು. ಆದ್ರ ಹೇಳಿದಾಗ ಕೇಳಲಿಲ್ಲಲ್ಲ ನೀವು."

"ಇಲ್ರಿ. ಕೇಳಲಿಲ್ಲ."

ಆತ ಹಾಳೆಯನ್ನು ಅವಳ ಮುಂದೆ ಚಾಚಿದ. "ಹಂಗಾರ ಈಗ ಒಂದು ಹೇಳ್ತೀನಿ, ಬರ್ಕೋರಿ. ಕೆಮ್ಮು ಬಂದು ನಿಂತ ಮ್ಯಾಲ ಮೊದಲನೇ ಉಸಿರು ಐತಲ್ಲ, ಅದು ಸಣ್ಣದು ಬರ್ತೈತಿ. ಎರಡನೇದು ಸರಿ ಇರ್ತೈತಿ. ಮೊದಲನೇದ ಸಣ್ಣದು. ಹೋದ ವರ್ಷದಿಂದ ಹಿಂಗ ಐತಿ. ಆ ಹುಡುಗನ ಮುಂದ ಹೇಳಿದ್ರ ಮತ್ತ ಪರದೆ ನೋಡ್ತಾನ."

ನೀಲಗಂಗಾ ಹಾಳೆಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು. "ಕೆಮ್ಮು ಒಣಾದೋ, ಕಫ ಬರೂದೋ?" ಎಂದು ಕೇಳಿ, ಪೆನ್ನಿನ ಮುಚ್ಚಳ ತೆಗೆದಳು.